ಕತ್ತಿ ಹಿಡಿದವರ ಹೂದೋಟ: ಬದಿಯಡ್ಕ ಕಡೆಯ ಒಂದು ದರೆಯ ಪ್ರಕರಣ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮುಳ್ಳೇರಿಯಾ ಕಡೆಗೆ ಹೋಗುವಾಗ ಎಡಕ್ಕೂ ಬಲಕ್ಕೂ ಸಣ್ಣ ಪಂಚಾಯತು ರಸ್ತೆಗಳು ಒಳಗೆ ಹೋಗುತ್ತವೆ. ಅಂಥ ಒಂದು ರಸ್ತೆಯ ಬದಿಯಲ್ಲಿ ನಡೆದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಜಾಗದ ಹೆಸರನ್ನೂ ಜನರ ಹೆಸರನ್ನೂ ಹೇಳುವುದಿಲ್ಲ. ನಾನು ಅದೇ ಊರಿನವನು, ಕೆಲಸ ಮಾಡಿದವರ ಜೊತೆ ಮೊದಲಿಂದ ಓಡಾಡಿದವನು.

ರಸ್ತೆ ಅಗಲ ಮಾಡುವಾಗ ಗುಡ್ಡದ ಬದಿಯನ್ನು ಜೆಸಿಬಿ ಕೆರೆದುಹಾಕಿತು. ಸುಮಾರು ನೂರು ಮೀಟರ್ ಉದ್ದಕ್ಕೆ ಕೆಂಪು ದರೆ, ಅಂದರೆ ಕಡಿದ ಗುಡ್ಡದ ಇಳಿಜಾರು ಬದಿ, ಬರಿಮೈಯಲ್ಲಿ ನಿಂತಿತು. ದರೆಯ ಮೇಲೆ ಒಬ್ಬರ ಅಡಿಕೆ ತೋಟದ ಬೇಲಿ. ಇನ್ನೂ ಮೇಲೆ ಹತ್ತಿದರೆ ಮುರಕಲ್ಲಿನ ಬಯಲು, ನಾವು ಪಾರೆ ಅನ್ನುವ ಜಾಗ. ರಸ್ತೆಯ ಆಚೆ ಕೆಳಗೆ ತೋಡು, ಅಂದರೆ ಸಣ್ಣ ಹಳ್ಳ. ಮೊದಲ ಮಳೆಗೆ ದರೆಯ ಮಣ್ಣು ಚರಂಡಿ ತುಂಬಿ ರಸ್ತೆಗೆ ಬಂತು. ಎರಡನೇ ಮಳೆಗಾಲದ ಹೊತ್ತಿಗೆ ಕಮ್ಯುನಿಸ್ಟ್ ಗಿಡ ಎದ್ದಿತ್ತು. ಚರಂಡಿಯ ಬುಡದಲ್ಲಿ ಸಿಂಗಾಪುರ ಡೈಸಿ ಹಳದಿ ಹೂ ಬಿಟ್ಟುಕೊಂಡು ಹಬ್ಬುತ್ತಿತ್ತು. ನೋಡುವವರಿಗೆ ಹಸಿರೇ. ಆದರೆ ಎರಡೂ ಅಮೆರಿಕದ ಉಷ್ಣವಲಯದಿಂದ ಬಂದವು, ಒಮ್ಮೆ ಹಬ್ಬಿದರೆ ಬೇರೆ ಯಾವುದಕ್ಕೂ ಜಾಗ ಬಿಡದ ಗಿಡಗಳು.

ಊರಿನ ವಾಚನಾಲಯದಲ್ಲಿ ಸಂಜೆ ಸೇರುವ ಕೆಲವು ಹುಡುಗ ಹುಡುಗಿಯರಿಗೆ ಇಲ್ಲಿ ಏನಾದರೂ ಮಾಡಬೇಕು ಅನ್ನಿಸಿತು. ನಿವೃತ್ತರಾದ ಒಬ್ಬ ಮಾಷ್ಟ್ರು ಅವರ ಜೊತೆ ಸೇರಿದರು. ಮೊಬೈಲಿನಲ್ಲಿ ಅವರು ನೋಡಿದ್ದು ಗೆರಿಲ್ಲಾ ಗಾರ್ಡನಿಂಗ್. ಅಂದರೆ ಯಾರೂ ನೋಡಿಕೊಳ್ಳದ ಜಾಗದಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ, ಸುಮ್ನೆ ಹೋಗಿ ಗಿಡ ಬೆಳೆಸಿಬಿಡುವುದು. 1973ರಲ್ಲಿ ನ್ಯೂಯಾರ್ಕಿನಲ್ಲಿ ಲಿಜ್ ಕ್ರಿಸ್ಟಿ ಎಂಬವರು ಗೆಳೆಯರನ್ನು ಕಟ್ಟಿಕೊಂಡು, ಕಸ ತುಂಬಿದ್ದ ಒಂದು ಖಾಲಿ ನಿವೇಶನವನ್ನು ತೋಟ ಮಾಡಿದರು. ತಮ್ಮನ್ನು ‘ಗ್ರೀನ್ ಗೆರಿಲ್ಲಾಸ್’ ಎಂದು ಕರೆದುಕೊಂಡರು. ಬೇಲಿಯ ಆಚೆಗೆ ಬೀಜದ ಉಂಡೆ ಎಸೆಯುವ ಕ್ರಮವೂ ಅವರಲ್ಲಿತ್ತು. ಬೀಜವನ್ನು ಜೇಡಿಮಣ್ಣಿನಲ್ಲಿ ಉಂಡೆ ಕಟ್ಟಿ ಬಿತ್ತುವುದನ್ನು ಜಗತ್ತಿಗೆ ಹೆಚ್ಚು ಪರಿಚಯ ಮಾಡಿಸಿದವರು ಜಪಾನಿನ ರೈತ ಮಸನೊಬು ಫುಕುವೊಕಾ. 1988ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮಲ್ಲಿ ಶಾಲೆಗಳಲ್ಲಿ ಮಕ್ಕಳಿಂದ ಬೀಜದುಂಡೆ ಮಾಡಿಸುವ ರೂಢಿ ಬಂದಿರುವುದರ ಹಿಂದೆ ಈ ಎರಡೂ ದಾರಿಗಳಿವೆ.

ಪೊಟ್ಟಣದ ಬೀಜ ಬೇಡ ಅಂದದ್ದು

ಕೆಲಸ ಶುರುವಾಗುವ ಮೊದಲೇ ಒಂದು ಚರ್ಚೆ ಎದ್ದಿತು. ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ತೀರ್ಮಾನಗಳಲ್ಲಿ ಅದೂ ಒಂದು ಎಂದು ನನಗೆ ಈಗಲೂ ಅನ್ನಿಸುತ್ತದೆ. ಒಬ್ಬ ಹುಡುಗ ಆನ್‌ಲೈನಿನಲ್ಲಿ ‘ವೈಲ್ಡ್‌ಫ್ಲವರ್ ಮಿಕ್ಸ್’ ಎಂಬ ಪೊಟ್ಟಣ ತರಿಸಿದ್ದ. ಹೊರಗಡೆ ಚೆಂದದ ಚಿತ್ರ. ಒಳಗೆ ಕಾಸ್ಮಾಸ್, ಜಿನ್ನಿಯಾ ಮುಂತಾದ ಬೀಜಗಳು. ಬಿತ್ತಿದರೆ ಬೇಗ ಮೊಳೆಯುತ್ತವೆ, ಫೋಟೋದಲ್ಲಿ ಚೆಂದ ಕಾಣುತ್ತವೆ. ಆದರೆ ಕಾಸ್ಮಾಸ್, ಜಿನ್ನಿಯಾ ಎರಡೂ ಮೆಕ್ಸಿಕೋ ಕಡೆಯವು. ಆ ನೆಲಕ್ಕೆ ಅವು ಕಾಡುಹೂ, ನಮ್ಮ ದರೆಗೆ ಅಲ್ಲ.

“ಲಂಟಾನವನ್ನೂ ಹೂ ಚೆಂದ ಅಂತಲೇ ತಂದದ್ದು” ಎಂದರು ಮಾಷ್ಟ್ರು. ಅದು ನಿಜ. 1800ರ ದಶಕದ ಆರಂಭದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದ ಲಂಟಾನ ಇವತ್ತು ಪಶ್ಚಿಮ ಘಟ್ಟದ ಕಾಡನ್ನೇ ಮುಚ್ಚುತ್ತಿದೆ. ಸಿಂಗಾಪುರ ಡೈಸಿಯನ್ನೂ ಜನ ತೋಟದ ಅಂಚಿಗೆ, ರಸ್ತೆ ಬದಿಗೆ ಆಸೆಯಿಂದಲೇ ನೆಟ್ಟರು. ಕಾಸ್ಮಾಸ್ ಅಷ್ಟು ಕೆಟ್ಟದ್ದಾಗದೇ ಇರಬಹುದು. ಆದರೆ ಒಮ್ಮೆ ಎಸೆದ ಬೀಜವನ್ನು ವಾಪಸ್ ಹೆಕ್ಕಲು ಆಗುವುದಿಲ್ಲ ಅಲ್ವಾ? ಅಪ್ಪಣೆ ಕೇಳದೆ ಬಿತ್ತುವವನ ಮೇಲೆ ಜವಾಬ್ದಾರಿ ಇನ್ನೂ ಜಾಸ್ತಿ. ತಪ್ಪಿದರೆ ಅದನ್ನು ಕೀಳುವ ಕೆಲಸ ಬೇರೆಯವರ ತಲೆಗೆ ಬರುತ್ತದೆ.

ಪೊಟ್ಟಣ ಮೂಲೆಗೆ ಹೋಯಿತು. ಊರಿನಲ್ಲೇ ಬೀಜ ಕೂಡಿಸುವುದು ಎಂದಾಯಿತು. ಗದ್ದೆ ಬದುವಿನಿಂದ, ಮನೆ ಹಿತ್ತಿಲಿನಿಂದ, ತೋಡಿನ ಕರೆಯಿಂದ. ಮೀಸಲು ಅರಣ್ಯದೊಳಗೆ ಹೋಗುವುದಿಲ್ಲ, ಒಂದು ಕಡೆ ಇರುವುದನ್ನೆಲ್ಲ ಬಳಿದು ತರುವುದಿಲ್ಲ ಎಂದು ಅವರೇ ಮಾತಾಡಿಕೊಂಡರು. ಕೊನೆಗೆ ಕೂಡಿದ್ದು ತುಂಬೆ, ಗಿಜಿಗಿಜಿ, ಕರ್ಣಕುಂಡಲ, ವಿಷ್ಣುಕ್ರಾಂತಿ ಮತ್ತು ನೆಕ್ಕರಿಕ.

ಯಾರೋ ಅಗ್ನಿಶಿಖೆಯ ಬೀಜವನ್ನೂ ತಂದಿದ್ದರು. ಬೆಂಕಿಯ ಬಣ್ಣದ ಅದರ ಹೂವಿಗೆ ಸಾಟಿಯೇ ಇಲ್ಲ. ಆದರೆ ಗಡ್ಡೆಯಿಂದ ಬೀಜದವರೆಗೂ ಕಾಲ್ಚಿಸಿನ್ ಎಂಬ ವಿಷ ಇರುವ ಗಿಡ ಅದು. ಶಾಲೆ ಮಕ್ಕಳು ನಡೆಯುವ ದಾರಿಗೆ ಬೇಡ ಎಂದು ಬಿಟ್ಟರು. ಸರಿಯಾಗಿಯೇ ಮಾಡಿದರು.

ಮೊದಲ ಮಳೆಗಾಲ

ಮೇ ತಿಂಗಳಿನಲ್ಲಿ ಉಂಡೆ ಕಟ್ಟಿದರು. ಕೆಂಪುಮಣ್ಣು, ಸ್ವಲ್ಪ ಸೆಗಣಿ, ಬೀಜ. ಬಿಸಿಲಿಗೆ ಒಣಗಿಸಿ, ಒಂದು ರಾತ್ರಿ ಹೋಗಿ ದರೆಯ ಮೇಲೆಲ್ಲ ಎಸೆದು ಬಂದರು. ಹುಡುಗರಿಗೆ ಅದೊಂದು ಖುಷಿ.

ಹೆಚ್ಚಿನದ್ದು ಹೋಯಿತು. ಏಕೆ ಹೋಯಿತು ಎಂದು ನೋಡುವುದು ಮುಖ್ಯ, ಯಾಕೆಂದರೆ ಎಲ್ಲ ಕಡೆಯೂ ಹೀಗೇ ಬೀಜದುಂಡೆ ಎಸೆಯುತ್ತಾರೆ. ನಮ್ಮ ಕೆಂಪುಮಣ್ಣು ಮೇ ಬಿಸಿಲಿಗೆ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ಉಂಡೆಯ ನಡುವೆ ಸಿಕ್ಕಿಕೊಂಡ ತುಂಬೆಯಂಥ ಸಣ್ಣ ಬೀಜಕ್ಕೆ ಅದನ್ನು ಒಡೆದು ಬರುವ ತ್ರಾಣ ಇಲ್ಲ. ಸಣ್ಣ ಬೀಜ ಮಣ್ಣಿನ ಮೇಲ್ಪದರದಲ್ಲೇ ಇರಬೇಕು. ಫುಕುವೊಕಾ ಉಂಡೆ ಕಟ್ಟಿದ್ದು ಮುಖ್ಯವಾಗಿ ಭತ್ತದಂಥ ದೊಡ್ಡ ಬೀಜಕ್ಕೆ, ಹಕ್ಕಿ ಇಲಿಗಳಿಂದ ಕಾಪಾಡಲು. ಇನ್ನು ಕಾಸರಗೋಡಿನ ಮಳೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೂನಿನ ಮೊದಲ ಹೊಡೆತಕ್ಕೆ ಇಳಿಜಾರಿನ ಉಂಡೆಗಳೆಲ್ಲ ಉರುಳಿ ಚರಂಡಿಗೆ, ಚರಂಡಿಯಿಂದ ತೋಡಿಗೆ. ಉಂಡೆ ನಿಂತದ್ದು ದರೆಯ ಕಲ್ಲಿನ ಸಂದುಗಳಲ್ಲಿ ಮಾತ್ರ.

ಆ ಸಂದುಗಳಲ್ಲಿ ಜುಲೈ ಕೊನೆಗೆ ಗಿಜಿಗಿಜಿ ತಲೆ ಎತ್ತಿತು. ಚರಂಡಿಯ ಅಂಚಿನಲ್ಲಿ ಒಂದಷ್ಟು ಕರ್ಣಕುಂಡಲ, ಅಲ್ಲಲ್ಲಿ ತುಂಬೆ. ತುಳುನಾಡಿನ ಸೋಣ ತಿಂಗಳು (ಆಗಸ್ಟ್-ಸೆಪ್ಟೆಂಬರ್) ಬಂತು. ಹೊಸ್ತಿಲ ಪೂಜೆಗೆ ಹೂ ಬೇಕಾಗುವ ತಿಂಗಳು ಅದು. ನೆರೆಯ ಮಲಯಾಳಂ ಮನೆಗಳಲ್ಲಿ ಓಣಂ ಪೂಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ, ಮಕ್ಕಳು ತುಂಬೆ ಹುಡುಕುವ ತಿಂಗಳೂ ಅದೇ. ತುಂಬೆ ಬಿಳಿ ಹೂ ಬಿಡಲು ಶುರು ಮಾಡಿದ ವಾರದಲ್ಲೇ ಉದ್ಯೋಗ ಖಾತರಿಯವರು ಕತ್ತಿ ಹಿಡಿದುಕೊಂಡು ಬಂದರು. ಸಂಜೆಯೊಳಗೆ ರಸ್ತೆಯ ಎರಡೂ ಬದಿ ಬೋಳು.

ಕೇರಳದಲ್ಲಿ ತೊಳಿಲುರಪ್ಪು ಎಂದು ಕರೆಯುವ ಈ ಕೆಲಸಕ್ಕೆ ಬರುವವರಲ್ಲಿ ಬಹುಪಾಲು ಹೆಂಗಸರು. ರಸ್ತೆ ಬದಿಯ ಕಾಡು ಸವರುವುದು, ಚರಂಡಿ ಬಿಡಿಸುವುದು ಅವರ ಕೆಲಸ. ಹುಡುಗರಿಗೆ ಸಿಟ್ಟು ಬಂತು. ಪಂಚಾಯತಿಗೆ ದೂರು ಕೊಡಬೇಕು ಎಂದೂ ಒಬ್ಬ ಹೇಳಿದ. ಯಾರಿಗೂ ಹೇಳದೆ ಬಿತ್ತಿದ ಬೀಜದ ಬಗ್ಗೆ ಏನೆಂದು ದೂರು ಕೊಡುವುದು? ಮಾಷ್ಟ್ರು ಅವನನ್ನು ತಡೆದು, ಮರುದಿನ ತಾವೇ ಹೋಗಿ, ಆ ಗುಂಪಿನ ಕೆಲಸ ನೋಡಿಕೊಳ್ಳುವ ಮೇಟ್ ಅಕ್ಕನ ಹತ್ತಿರ ಮಾತಾಡಿದರು. ಪ್ರಕರಣ ತಿರುಗಿದ್ದು ಅಲ್ಲಿ.

ಮೇಟ್ ಅಕ್ಕನ ಮಾತು

“ನೀವು ನೆಟ್ಟದ್ದು ಅಂತ ನಮಗೆ ಎಂತ ಗೊತ್ತು ಮಾಷ್ಟ್ರೇ? ಹೇಳಿದ್ರೆ ಬಿಡ್ತಿದ್ದೆವು” ಎಂದರು ಅವರು. ಅವರ ಹಿಂದೆ ಕುಳಿತು ಚಹಾ ಕುಡಿಯುತ್ತಿದ್ದ ಹೆಂಗಸರು ತುಳುವಿನಲ್ಲಿ, ಮಲಯಾಳದಲ್ಲಿ, ಕನ್ನಡದಲ್ಲಿ ಒಂದೊಂದು ಮಾತು ಸೇರಿಸಿದರು. ತುಂಬೆಯನ್ನು ಕಡಿಯುವಾಗ ಅವರಿಗೂ ಮನಸ್ಸು ಬಂದಿರಲಿಲ್ಲವಂತೆ. ಶಿವನಿಗೆ ಏರಿಸುವ ಹೂ. ಆದರೆ ಕೆಲಸ ಅಳೆಯಲು ಬರುವವರು ಬೋಳಾಗಿದೆಯೋ ಇಲ್ಲವೋ ಎಂದಷ್ಟೇ ನೋಡುತ್ತಾರೆ. ಅರ್ಧ ಬಿಟ್ಟರೆ ಕೆಲಸ ಆಗಿಲ್ಲ ಎಂದು ಬರೆಯುತ್ತಾರೆ.

ಆಮೇಲೆ ಒಬ್ಬರು ತೋರಿಸಿದ್ದನ್ನು ನೋಡಿ ಹುಡುಗರು ಸುಮ್ಮನಾದರು. ಚರಂಡಿಯ ಆಚೆ ಒಂದು ಸಾಲು ತಗಟೆ ಗಿಡ ಕಡಿಯದೆ ಹಾಗೇ ನಿಂತಿತ್ತು. ಸೋಣಕ್ಕೆ ಮೊದಲಿನ ಆಟಿ ತಿಂಗಳಲ್ಲಿ ಅದರ ಎಳೆ ಸೊಪ್ಪಿನ ಪಲ್ಯ, ವಡೆ ಮಾಡುತ್ತಾರೆ. ತುಳುವಿನಲ್ಲಿ ತಜಂಕ್. ತಮಗೆ ಬೇಕಾದುದನ್ನು ಕತ್ತಿಯ ಬಾಯಿಯಿಂದ ಉಳಿಸುವ ಕ್ರಮ ಅವರಲ್ಲಿ ಮೊದಲೇ ಇತ್ತು. ಬಿಟ್ಟ ಗಿಡಕ್ಕೆ ಒಂದು ಕಾರಣ ಇರಬೇಕು, ಅಳೆಯಲು ಬಂದವರಿಗೆ ಹೇಳಲು ಒಂದು ಮಾತು ಇರಬೇಕು. ಅಷ್ಟೇ.

ಅವತ್ತು ರಸ್ತೆ ಬದಿಯಲ್ಲಿ ನಿಂತು ಆದ ಒಪ್ಪಂದ ಇದು. ಡಾಂಬರಿನ ಅಂಚಿನಿಂದ ಚರಂಡಿಯವರೆಗೆ ಪೂರ್ತಿ ಸವರಬೇಕು, ಅದರಲ್ಲಿ ಮಾತಿಲ್ಲ. ಮುಸ್ಸಂಜೆ ನಡೆಯುವವರಿಗೆ ಹಾವಿನ ಭಯ. ತಿರುವಿನಲ್ಲಿ ಎದುರು ಬರುವ ಗಾಡಿ ಕಾಣಬೇಕು, ಅಲ್ಲಿ ಎತ್ತರದ ಗಿಡ ಯಾವುದೂ ಬೇಡ. ಇದನ್ನು ಹೇಳಿದ್ದು ಹೆಂಗಸರೇ. ದರೆಯ ಮೇಲೆ ಮಾತ್ರ ಕಮ್ಯುನಿಸ್ಟ್ ಗಿಡ, ಸಿಂಗಾಪುರ ಡೈಸಿ, ಲಂಟಾನ ಈ ಮೂರನ್ನು ಬೇರು ಸಮೇತ ಕೀಳುವುದು, ಉಳಿದದ್ದನ್ನು ಬೀಜ ಉದುರುವವರೆಗೆ, ಅಂದರೆ ಡಿಸೆಂಬರ್ ತನಕ ಬಿಡುವುದು. ಬೇರು ಸಮೇತ ಕೀಳುವುದು ಸುಮ್ಮನೆ ಸವರುವುದಕ್ಕಿಂತ ಕಷ್ಟದ ಕೆಲಸ. ಅದಕ್ಕೆ ದಿನ ಹಿಡಿಯುತ್ತದೆ. ಹಾಗಾಗಿ ಕೆಲಸದ ಪಟ್ಟಿಯಲ್ಲೇ ಅದನ್ನು ಬೇರೆಯಾಗಿ ಬರೆಯಬೇಕು ಎಂದು ಮೇಟ್ ಅಕ್ಕ ಪಟ್ಟು ಹಿಡಿದರು.

ವಾರ್ಡಿನ ಮೆಂಬರ್ ಹತ್ತಿರ ಹೋಗಬೇಕಾಯಿತು. ಅಲ್ಲಿಗೆ ಗುಟ್ಟಿನ ತೋಟಗಾರಿಕೆ ಮುಗಿಯಿತು. ಕೆಲವು ಹುಡುಗರಿಗೆ ಇದರಿಂದ ನಿರಾಸೆಯಾದದ್ದು ಹೌದು. ನನ್ನ ಅಭಿಪ್ರಾಯ ಬೇರೆ. ನ್ಯೂಯಾರ್ಕಿನ ಆ ತೋಟವೂ ಹೆಚ್ಚು ಕಾಲ ಗುಟ್ಟಾಗಿ ಇರಲಿಲ್ಲ. 1974ರಲ್ಲೇ ಅಲ್ಲಿನ ನಗರಾಡಳಿತ ತಿಂಗಳಿಗೆ 1 ಡಾಲರ್ ಬಾಡಿಗೆಗೆ ಆ ಜಾಗವನ್ನು ಅವರಿಗೆ ಬಿಟ್ಟುಕೊಟ್ಟಿತು. ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ ಮರ ಪ್ರಾಣಿಗಳ ಜನತಾ ದಾಖಲೆ ಮಾಡುವುದು ಅದರ ಕೆಲಸ. ಮಾಷ್ಟ್ರು ಅರ್ಜಿ ಬರೆದದ್ದು ಆ ಸಮಿತಿಯ ಹೆಸರಿಗೆ. ದರೆಯ ಗಿಡಗಳ ಪಟ್ಟಿಯನ್ನೂ ಜೊತೆಗೆ ಇಟ್ಟರು. ಪಟ್ಟಿಯಲ್ಲಿ ಅರ್ಧದಷ್ಟು ಗಿಡಗಳ ಹೆಸರು ಹೇಳಿದ್ದು ಆ ಹೆಂಗಸರು.

ಎರಡನೇ ಸಲ ಬಿತ್ತಿದ ರೀತಿ

ಈ ಸಲ ಉಂಡೆ ಇಲ್ಲ. ಜೂನಿನ ಮೊದಲ ಜೋರು ಮಳೆ ಹೋಗಲಿ ಎಂದು ಕಾದರು. ದರೆಗೆ ಅಡ್ಡವಾಗಿ ಪಿಕ್ಕಾಸಿನಿಂದ ಸಣ್ಣ ಸಣ್ಣ ಮೆಟ್ಟಿಲು ಕೊರೆದರು. ಪ್ರತಿ ಮೆಟ್ಟಿಲಿನ ಅಂಚಿಗೆ ತೆಂಗಿನ ಸಿಪ್ಪೆ ಸಾಲಾಗಿ ಇಟ್ಟು, ಅಡಿಕೆ ಮರದ ಸೀಳು ಬಡಿದು ನಿಲ್ಲಿಸಿದರು. ಮಣ್ಣು ಅಲ್ಲೇ ನಿಂತಿತು. ಮೇಲ್ಗಡೆ ಬೇಲಿಯ ಉದ್ದಕ್ಕೆ ಮುಳಿಹುಲ್ಲಿನ ಬುಡ ತಂದು ಊರಿ ಎಂದು ಹೇಳಿದ್ದು ಒಬ್ಬ ಅಜ್ಜಿ. ಹಿಂದೆ ಮನೆಗೆ ಹೊದೆಸಲು ಮುಳಿ ಕೊಯ್ದವರು ಅವರು. ಅದರ ಬೇರು ಮಣ್ಣನ್ನು ಹೇಗೆ ಹಿಡಿಯುತ್ತದೆ ಎಂದು ಅವರಿಗೆ ಗೊತ್ತು. ಆ ಮಳೆಗಾಲದಲ್ಲಿ ರಸ್ತೆಗೆ ಬಂದ ಮಣ್ಣು ತೀರಾ ಕಮ್ಮಿ.

ಬೀಜಕ್ಕೆ ಒಂದೊಂದರದ್ದು ಒಂದೊಂದು ಹಟ. ಗಿಜಿಗಿಜಿಯ ಕಾಯಿ ಒಣಗಿದಾಗ ಅಲ್ಲಾಡಿಸಿದರೆ ಗೆಜ್ಜೆಯ ಹಾಗೆ ಸದ್ದು ಮಾಡುತ್ತದೆ. ಆ ಸದ್ದು ಬಂದರೆ ಬೀಜ ಬಲಿತಿದೆ ಎಂದು ಅರ್ಥ. ಅದರ ಸಿಪ್ಪೆ ಗಟ್ಟಿ, ನೀರು ಬೇಗ ಒಳಗೆ ಹೋಗುವುದಿಲ್ಲ. ಬಿಸಿನೀರು ಹೊಯ್ದು ರಾತ್ರಿಯಿಡೀ ನೆನೆಸಿ, ಉಬ್ಬಿದ್ದನ್ನು ಮಾತ್ರ ಬಿತ್ತಿದರು. ಇದು ದ್ವಿದಳದ ಜಾತಿ. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುತ್ತದೆ. ಮೇಲ್ಮಣ್ಣು ಹೋದ ದರೆಗೆ ಇದಕ್ಕಿಂತ ಒಳ್ಳೆಯದು ಇನ್ನೇನು? ಆದರೆ ದನ ತಿಂದರೆ ಅದರ ಯಕೃತ್ತಿಗೆ ಅಪಾಯ. ಹಾಗಾಗಿ ದನ ಬಾಯಿ ಹಾಕಲು ಆಗದ ಎತ್ತರದಲ್ಲಷ್ಟೇ ಹಾಕಿದರು. ದನಕ್ಕೆ ಕೆಟ್ಟದ್ದಾದ ಅದೇ ಅಂಶವನ್ನು ಹುಡುಕಿಕೊಂಡು ಬ್ಲೂ ಟೈಗರ್, ಕಾಮನ್ ಕ್ರೋ ಎನ್ನುವ ಚಿಟ್ಟೆಗಳು ಬರುತ್ತವೆ. ಬಾಡಿದ ಗಿಜಿಗಿಜಿಯ ಮೇಲೆ ಗುಂಪಾಗಿ ಕುಳಿತು ರಸ ಹೀರುತ್ತವೆ. ಗಂಡು ಚಿಟ್ಟೆಗೆ ಹೆಣ್ಣನ್ನು ಕರೆಯುವ ಪರಿಮಳ ಮಾಡಿಕೊಳ್ಳಲು ಅದು ಬೇಕು.

ಕರ್ಣಕುಂಡಲದ ಬಲಿತ ಕಾಯಿ ಮುಟ್ಟಿದರೆ ಸಿಡಿಯುತ್ತದೆ. ಬಟ್ಟೆಯ ಸಣ್ಣ ಚೀಲವನ್ನು ಗಿಡಕ್ಕೇ ಕಟ್ಟಿ ಬೀಜ ಹಿಡಿದರು. ನೆರಳಿರುವ, ನೀರು ಜಿನುಗುವ ಕಡೆ ಅದು ಚೆನ್ನಾಗಿ ಬಂತು. ವಿಷ್ಣುಕ್ರಾಂತಿಗೆ ಬಿಸಿಲು ಬಡಿಯುವ ಮೇಲಂಚು. ತುಂಬೆಯ ಒಣಗಿದ ತಲೆಗಳನ್ನು ಕೈಯಲ್ಲಿ ತಿಕ್ಕಿ, ನುಣುಪು ಮರಳಿನ ಜೊತೆ ಬೆರೆಸಿ ಮೆಟ್ಟಿಲುಗಳ ಮೇಲೆ ಬರೀ ಉದುರಿಸಿದರು, ಮಣ್ಣು ಮುಚ್ಚಲಿಲ್ಲ. ನೆಕ್ಕರಿಕದ ಹಣ್ಣು ತಿಂದರೆ ನಾಲಗೆ ನೇರಳೆಯಾಗುತ್ತದೆ, ಅದರ ಬೀಜವೋ ಧೂಳಿನಷ್ಟು ಸಣ್ಣದು. ಬಿತ್ತಿದ್ದರಲ್ಲಿ ಬಂದದ್ದು ಬೆರಳೆಣಿಕೆಯಷ್ಟು. ಬೇಲಿಯ ಹತ್ತಿರ ತಾನಾಗಿ ಹುಟ್ಟಿದ ಕೆಲವು ಬುಡಗಳು ಪಿಕಳಾರ ಹಕ್ಕಿಗಳ ಕೆಲಸ ಇರಬೇಕು.

ಸೋಣದಲ್ಲಿ ತುಂಬೆ ಬಂತು. ಕತ್ತಿ ಹಿಡಿದವರೂ ಬಂದರು, ಚರಂಡಿಯವರೆಗೆ ಸವರಿದರು, ದರೆಯ ಮೇಲೆ ಹೆಕ್ಕಿ ಹೆಕ್ಕಿ ಕಿತ್ತರು. ತುಂಬೆ ಉಳಿಯಿತು. ಹೊಸ್ತಿಲಿಗೆ ಹೂ ಕೊಯ್ಯಲು ಬಂದವರಲ್ಲಿ ಆ ಹೆಂಗಸರ ಮನೆಯ ಮಕ್ಕಳೇ ಜಾಸ್ತಿ.

ಪಾರೆಯ ಮೇಲೆ ಬಿತ್ತಬೇಡಿ ಎಂದದ್ದು

ದರೆಯಲ್ಲಿ ಹೂ ಕಂಡ ಮೇಲೆ ಉತ್ಸಾಹ ಏರಿತು. ಇನ್ನೊಂದು ಶಾಲೆಯವರು ಬಂದು, ಮೇಲಿನ ಪಾರೆ ಪಾಳು ಬಿದ್ದಿದೆ, ಅಲ್ಲೂ ಬೀಜ ಹಾಕೋಣ, ಗಿಡ ನೆಡೋಣ ಎಂದರು. ಮಾಷ್ಟ್ರು ಒಪ್ಪಲಿಲ್ಲ. ಈ ವಿಷಯದಲ್ಲಿ ನಾನು ಅವರ ಪರ, ಯಾರು ಏನೇ ಹೇಳಲಿ.

ಏಪ್ರಿಲಿನಲ್ಲಿ ಪಾರೆಗೆ ಹೋದರೆ ಕಪ್ಪು ಕಲ್ಲು, ಸುಟ್ಟ ಹುಲ್ಲು. ಏನೂ ಇಲ್ಲ ಅನ್ನಿಸುವುದು ಸಹಜ. ಅದೇ ಜಾಗಕ್ಕೆ ಆಗಸ್ಟಿನಲ್ಲಿ ಹೋಗಿ. ಕಲ್ಲಿನ ಗುಳಿಗಳಲ್ಲಿ ನೀರು ನಿಂತಿರುತ್ತದೆ. ಅದರ ಸುತ್ತ ಅಂಗಿಯ ಬಿಳಿ ಗುಂಡಿಯಂಥ ಹೂವಿನ ಎರಿಯೊಕಾಲನ್, ಮಲಯಾಳದಲ್ಲಿ ಕಾಕ್ಕಪ್ಪೂ ಎನ್ನುವ ನೇರಳೆ ಯುಟ್ರಿಕ್ಯುಲೇರಿಯಾ ನೆಲ ಕಾಣದಂತೆ ಹಾಸಿರುತ್ತವೆ. ಕಾಕ್ಕಪ್ಪೂ ಕೀಟ ತಿನ್ನುವ ಗಿಡ. ಬೇರಿನ ಬದಲಿಗೆ ಇರುವ ಸಣ್ಣ ಚೀಲಗಳಲ್ಲಿ ನೀರಿನ ಸೂಕ್ಷ್ಮ ಜೀವಿಗಳನ್ನು ಹಿಡಿಯುತ್ತದೆ. ಸಾರ ಇಲ್ಲದ ಆ ತೆಳು ಮಣ್ಣೇ ಅದಕ್ಕೆ ಬೇಕು. ಗೊಬ್ಬರ ಹಾಕಿದರೆ, ಸಾರಜನಕ ಹಿಡಿಯುವ ಗಿಡ ತಂದರೆ ಅಲ್ಲಿ ಹುಲ್ಲು ಏರಿ ಅದು ಹೋಗುತ್ತದೆ. ಲೆಪಿಡಗಾಥಿಸ್ ಕೇರಳೆನ್ಸಿಸ್ ಎಂಬ, ಕಲ್ಲಿಗೆ ಅಂಟಿಕೊಂಡು ಬೆಳೆಯುವ ಮುಳ್ಳು ಗಿಡ ಇಂಥ ಪಾರೆಗಳದ್ದೇ. ಪೆರಿಯದ ಹತ್ತಿರ ಮುರಕಲ್ಲಿನ ನಡುವಿನ ಮಳೆಗಾಲದ ತೋಡಿನಲ್ಲಿ ಬೆಳೆಯುವ ಬಿಳಿ ಲಿಲ್ಲಿ ಕ್ರೈನಮ್ ಮಲಬಾರಿಕಮ್ ಹೊಸ ಜಾತಿ ಎಂದು ವಿಜ್ಞಾನಿಗಳು ಗುರುತಿಸಿದ್ದು 2012ರಲ್ಲಿ. ಈಗ ಅದು ಕಾಸರಗೋಡು ಜಿಲ್ಲೆಯ ಹೂ ಎಂದು ಜಿಲ್ಲಾ ಪಂಚಾಯತು ಘೋಷಿಸಿದೆ. ಜಿಲ್ಲೆಯ ಮರ ಕಾಸರಕ.

ಅಲ್ಲಿಯ ನೆಲದೊಳಗೆ ಬೀಜ ಆಗಲೇ ಇದೆ, ಪ್ರತಿ ವರ್ಷ ಮಳೆಗೆ ಏಳುತ್ತದೆ. ನಾವು ಹೊರಗಿನಿಂದ ಏನು ತಂದು ಹಾಕಿದರೂ ಅದು ಕಳೆಯೇ, ನಮ್ಮ ಊರಿನ ತುಂಬೆಯಾದರೂ ಸರಿ. ಪಾರೆಗೆ ಅಕೇಶಿಯಾ ನೆಟ್ಟ ಕಡೆಗಳಲ್ಲಿ ಏನಾಗಿದೆ ಎಂದು ಜಿಲ್ಲೆಯಲ್ಲಿ ಬೇಕಾದಷ್ಟು ಕಡೆ ನೋಡಬಹುದು. ಪಾರೆಯ ಮೇಲೆ ಇಂಗಿದ ನೀರೇ ಕೆಳಗಿನ ಮನೆಗಳವರು ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದಲ್ಲಿ ಬರುವುದು. ಅಲ್ಲಿ ಬೇಕಾಗಿರುವುದು ಕಲ್ಲಿನ ಕೋರೆ ಬಾರದ ಹಾಗೆ, ಕಸ ತಂದು ಸುರಿಯದ ಹಾಗೆ ನೋಡಿಕೊಳ್ಳುವುದು. ಶಾಲೆಯವರು ಬೇಸರದಿಂದಲೇ ಹಿಂದೆ ಹೋದರು. ಆಗಸ್ಟಿನಲ್ಲಿ ಮಕ್ಕಳನ್ನು ಕರೆದುಕೊಂಡು ಬಂದು ಪಾರೆ ತೋರಿಸಿ ಎಂದು ಮಾಷ್ಟ್ರು ಅವರಿಗೆ ಹೇಳಿ ಕಳಿಸಿದರು. ಅವರು ಬಂದರು ಕೂಡ.

ಕಳೆ ಮದ್ದಿನ ಮಾತು

ಮೇಲಿನ ತೋಟದವರಿಗೆ ದರೆಯ ಹುಲ್ಲು ಬೇಲಿ ದಾಟುತ್ತದೆ ಎಂದು ತಕರಾರು. ಕಳೆ ಮದ್ದು ಬಿಡುತ್ತೇನೆ ಎಂದರು. ಕಳೆನಾಶಕ ಗ್ಲೈಫೋಸೇಟನ್ನು ಕೇರಳ ಸರಕಾರ 2019ರಲ್ಲೇ ನಿಷೇಧಿಸಿದೆ. ಆದರೆ ಅವರು ಕೈಬಿಟ್ಟದ್ದು ಕಾನೂನಿನ ಮಾತು ಕೇಳಿ ಅಲ್ಲ. ಇದು ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಜಿಲ್ಲೆ. 1970ರ ದಶಕದಿಂದ 2000ದವರೆಗೆ. ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯ ಮನೆಗಳಲ್ಲಿ ಅದರ ನೋವು ಇನ್ನೂ ಇದೆ. ಕೆಲಸಕ್ಕೆ ಬರುವ ಹೆಂಗಸರಲ್ಲಿ ಒಬ್ಬರ ತವರು ಆ ಕಡೆ. ಅವರು ತೋಟದವರ ಅಂಗಳಕ್ಕೆ ಹೋಗಿ, “ಮದ್ದು ಬಿಡ್ಬೇಡಿ ಅಣ್ಣಾ, ಬೇಲಿ ಬುಡ ನಾವು ಸವರಿ ಕೊಡ್ತೇವೆ” ಎಂದರು. ಅಷ್ಟರಲ್ಲಿ ಮುಗಿಯಿತು. ಈಗ ಬೇಲಿಯಿಂದ ಒಂದು ಮಾರು ಅಗಲ ಸವರುತ್ತಾರೆ.

ಈಗ ದರೆ ಎಲ್ಲಿಗೆ ಬಂದಿದೆ? ಕಮ್ಯುನಿಸ್ಟ್ ಗಿಡ ಪೂರ್ತಿ ಹೋಗಿಲ್ಲ, ಪ್ರತಿ ವರ್ಷ ಗಾಳಿಗೆ ಹೊಸ ಬೀಜ ಬರುತ್ತದೆ, ಪ್ರತಿ ವರ್ಷ ಕೀಳಬೇಕು. ಸಿಂಗಾಪುರ ಡೈಸಿಯ ಒಂದು ತುಂಡು ಬಳ್ಳಿ ಉಳಿದರೂ ಮತ್ತೆ ಬೇರು ಬಿಡುತ್ತದೆ, ಚರಂಡಿಯ ಕೆಳತುದಿಯಲ್ಲಿ ಅದು ಇನ್ನೂ ಇದೆ. ಗಿಜಿಗಿಜಿ, ತುಂಬೆ ತಾವಾಗಿಯೇ ಬೀಜ ಉದುರಿಸಿ ಏಳುತ್ತಿವೆ. ಬೀಜ ಕೂಡಿಸುವ ಕೆಲಸ ಈಗ ಮೇಟ್ ಅಕ್ಕನ ಕೈಯಲ್ಲಿದೆ. ಒಣಗಿಸಿ, ಬೂದಿ ಬೆರೆಸಿ ಬಾಟಲಿಯಲ್ಲಿ ತುಂಬಿಡುತ್ತಾರೆ.

ಕುಡಿಯುವ ನೀರಿನ ಪೈಪ್ ಹಾಕಲು ರಸ್ತೆಯ ಅದೇ ಬದಿಯನ್ನು ಅಗೆಯುವ ಮಾತು ಬಂದಿದೆ. ನೀರು ಬೇಡ ಎನ್ನುವವರು ಯಾರೂ ಇಲ್ಲ. ಅಗೆಯುವ ಮೊದಲು ತಿಳಿಸುತ್ತೇನೆ, ಸಾಧ್ಯವಾದರೆ ಡಿಸೆಂಬರ್ ಆದ ಮೇಲೆ ಅಗೆಸುತ್ತೇನೆ ಎಂದು ಮೆಂಬರ್ ಹೇಳಿದ್ದಾರೆ. ಅಗೆದ ಭಾಗಕ್ಕೆ ಜೂನಿನಲ್ಲಿ ಮತ್ತೆ ಬಿತ್ತುವಷ್ಟು ತುಂಬೆ, ಗಿಜಿಗಿಜಿ ಬೀಜ ಇದೆ. ಕರ್ಣಕುಂಡಲ ಸ್ವಲ್ಪ ಕಮ್ಮಿ, ಅದನ್ನು ಈ ಮಳೆಗಾಲ ಮುಗಿಯುವುದರೊಳಗೆ ಇನ್ನಷ್ಟು ಹಿಡಿಯಬೇಕು.